ಹೆರಿಗೆಯ ನಂತರದ ಖಿನ್ನತೆ: ಗುರುತಿಸುವುದು ಹೇಗೆ, ಮನೆಯವರು ಮಾಡಬೇಕಾದ್ದೇನು

ಮಗುವಿಗೆ ಒಂದೂವರೆ ತಿಂಗಳಿಗೆ ಲಸಿಕೆ, ಎರಡೂವರೆಗೆ ಇನ್ನೊಂದು, ಮೂರೂವರೆಗೆ ಮತ್ತೊಂದು. ಪ್ರತಿ ಸಲವೂ ಮಗುವನ್ನು ತೂಕಕ್ಕೆ ಹಾಕುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ, ಮುಂದಿನ ತಾರೀಕು ಹೇಳಿ ಕಳಿಸುತ್ತಾರೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಮನಸ್ಸು ಹೇಗಿದೆ ಎಂದು ಕೇಳುವವರು ಅಪರೂಪ. ಬಾಣಂತಿಯೊಬ್ಬಳು ಜೀವ ಕಳೆದುಕೊಂಡ ಸುದ್ದಿ ಬಂದಾಗ ‘ಪ್ರಸವೋತ್ತರ ಖಿನ್ನತೆ’ ಎಂಬ ಪದ ಪತ್ರಿಕೆಯಲ್ಲಿ ಕಾಣಿಸುತ್ತದೆ, ವಾರದೊಳಗೆ ಮರೆತೂ ಹೋಗುತ್ತದೆ.

ಆದರೆ ಇದು ಎಲ್ಲೋ ಒಬ್ಬರಿಗೆ ಬರುವ ಕಾಯಿಲೆಯಲ್ಲ. ನಮ್ಮ ದೇಶದ 38 ಅಧ್ಯಯನಗಳನ್ನು, 20 ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಅದರ ಪ್ರಕಾರ ಹೆರಿಗೆಯಾದವರಲ್ಲಿ ಶೇ 22ರಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಐವರಲ್ಲಿ ಒಬ್ಬರು ಎಂದಿಟ್ಟುಕೊಳ್ಳಿ. ಲಸಿಕೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಹತ್ತು ತಾಯಂದಿರು ಕೂತಿದ್ದರೆ ಅವರಲ್ಲಿ ಇಬ್ಬರು.

ಮೂರು ಬೇರೆ ಬೇರೆ ಸ್ಥಿತಿಗಳು

ಹೆರಿಗೆಯಾದ ಮೂರನೇ ದಿನದಿಂದ ಐದನೇ ದಿನದ ಹೊತ್ತಿಗೆ, ಎದೆ ತುಂಬಿ ಹಾಲು ಇಳಿಯತೊಡಗುವ ಹೊತ್ತಿಗೇ, ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಒಂದು ಗಳಿಗೆ ಮಗುವನ್ನು ನೋಡಿ ನಗು, ಮರುಗಳಿಗೆ ಕಣ್ಣೀರು, ನಡುವೆ ಸಿಡುಕು. ಇದಕ್ಕೆ ‘ಬೇಬಿ ಬ್ಲೂಸ್’ ಎನ್ನುತ್ತಾರೆ. ಔಷಧ ಬೇಡ. ವಿಶ್ರಾಂತಿ ಮತ್ತು ಸಮಾಧಾನದ ಮಾತು ಸಿಕ್ಕರೆ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ.

ಎರಡು ವಾರ ಕಳೆದರೂ ಇಳಿಯದಿದ್ದರೆ, ದಿನದ ಹೆಚ್ಚು ಹೊತ್ತು ಮನಸ್ಸು ಭಾರವಾಗಿಯೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ರುಚಿಸದಿದ್ದರೆ ಅದು ಖಿನ್ನತೆ. ಮೊದಲನೆಯದು ಬೇಸಿಗೆಯ ಅಡ್ಡಮಳೆಯ ಹಾಗೆ, ಹೊಡೆದು ಹೋಗುತ್ತದೆ. ಇದು ಆಷಾಢದ ಜಡಿಮಳೆ. ಹೆರಿಗೆಯಾದ ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಎಷ್ಟೋ ಸಲ ಬಸುರಿನಲ್ಲೇ ಶುರುವಾಗಿ ಹೆರಿಗೆಯ ನಂತರ ಹೆಚ್ಚಾಗಿರುತ್ತದೆ.

ಮೂರನೆಯದು ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದ ಸ್ಥಿತಿ. ಸಾವಿರ ಹೆರಿಗೆಗೆ ಒಂದೋ ಎರಡೋ. ಬಹುತೇಕ ಮೊದಲ ಎರಡು ವಾರದಲ್ಲೇ, ದಿಢೀರನೆ ಬರುತ್ತದೆ. ರಾತ್ರಿಯಿಡೀ ನಿದ್ದೆಯಿಲ್ಲದಿದ್ದರೂ ಆಯಾಸವೇ ಇರುವುದಿಲ್ಲ. ಮಾತು ಹೆಚ್ಚುತ್ತದೆ, ಅರ್ಥ ತಪ್ಪುತ್ತದೆ. ಯಾರಿಗೂ ಕೇಳಿಸದ ದನಿ ಅವಳಿಗೆ ಕೇಳಿಸುತ್ತದೆ. ‘ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ’ ಎಂಬಂಥ ನಂಬಿಕೆ ಹುಟ್ಟುತ್ತದೆ. ಬೆಳಿಗ್ಗೆ ಸರಿಯಾಗಿದ್ದವಳು ಮಧ್ಯಾಹ್ನಕ್ಕೆ ಗುರುತೇ ಸಿಗದಂತೆ ಆಗಬಹುದು. ಇದಕ್ಕೆ ಅದೇ ದಿನ ಆಸ್ಪತ್ರೆ ಬೇಕು, ನಾಳೆಯವರೆಗೆ ಕಾಯುವಂತಿಲ್ಲ.

‘ಸನ್ನಿ’ ಎಂಬ ಹಳೆಯ ಪದದಲ್ಲಿ ಒಂದು ತೊಡಕಿದೆ. ನಂಜೇರಿ ಜ್ವರದಲ್ಲಿ ಬಡಬಡಿಸುವುದಕ್ಕೂ ಹಿಂದೆ ಇದೇ ಹೆಸರು, ಫಿಟ್ಸ್ ಬಂದದ್ದಕ್ಕೂ ಇದೇ ಹೆಸರು. ಬಾಣಂತಿಗೆ ಜ್ವರದ ಜೊತೆ ಗೊಂದಲ, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್ ಇವು ಕಂಡರೆ ಕಾರಣ ಮನಸ್ಸಿನದಲ್ಲ. ಸೋಂಕು, ರಕ್ತದೊತ್ತಡ ಅಥವಾ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು. ಅದೂ ತುರ್ತು ಸ್ಥಿತಿಯೇ. ಮಂತ್ರ, ತಾಯಿತ ಎಂದು ಸುತ್ತುವಾಗ ಕಳೆದುಹೋಗುವ ಗಂಟೆಗಳು ಇಲ್ಲಿ ಜೀವಕ್ಕೇ ಮುಳುವಾಗುತ್ತವೆ.

ಏಕೆ ಬರುತ್ತದೆ, ಕೆಲವರಿಗೇ ಏಕೆ?

ಬಸುರಿನಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳು ಮೈಯಲ್ಲಿ ಹಲವು ಪಟ್ಟು ಏರಿರುತ್ತವೆ. ಅವನ್ನು ಹೆಚ್ಚಾಗಿ ತಯಾರಿಸುವುದು ಮಾಸು. ಮಗುವಿನ ಹಿಂದೆಯೇ ಮಾಸು ಬಿದ್ದ ಮೇಲೆ ಅವು ಕೆಲವೇ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಕುಸಿಯುತ್ತವೆ. ಒಂಬತ್ತು ತಿಂಗಳು ನಿಧಾನವಾಗಿ ಹತ್ತಿದ ಘಾಟಿಯನ್ನು ಎರಡು ಮೂರು ದಿನದಲ್ಲಿ ಇಳಿದ ಹಾಗೆ. ಘಾಟಿಯ ಬಸ್ಸಿನಲ್ಲಿ ಎಲ್ಲರೂ ಅದೇ ತಿರುವುಗಳನ್ನು ಇಳಿಯುತ್ತಾರೆ, ತಲೆಸುತ್ತಿ ಹೊಟ್ಟೆ ತೊಳೆಸುವುದು ಕೆಲವರಿಗೆ ಮಾತ್ರ. ಆ ಕೆಲವರು ಬೇಕೆಂದು ಹಾಗೆ ಮಾಡುತ್ತಾರೆ ಎಂದು ಯಾರೂ ಹೇಳುವುದಿಲ್ಲ.

ಮೊದಲೇ ಎಂದಾದರೂ ಖಿನ್ನತೆ ಬಂದಿದ್ದವರಿಗೆ, ಹಿಂದಿನ ಹೆರಿಗೆಯಲ್ಲಿ ಹೀಗಾಗಿದ್ದವರಿಗೆ ಅಪಾಯ ಹೆಚ್ಚು. ಹೊಡೆತ ಬಡಿತದ ಮನೆ, ಸಾಲ, ಗಂಡನ ಕುಡಿತ, ಹೆಣ್ಣು ಮಗು ಹುಟ್ಟಿತೆಂಬ ಕೊಂಕು ಕೂಡ ಭಾರ ಹೆಚ್ಚಿಸುತ್ತವೆ. ಮಗು ತಿಂಗಳು ತುಂಬುವ ಮುನ್ನ ಹುಟ್ಟಿ ಐಸಿಯುನಲ್ಲಿದ್ದರೆ, ಹೆರಿಗೆ ನೆನೆದರೆ ಬೆಚ್ಚುವಷ್ಟು ಕಷ್ಟವಾಗಿದ್ದರೆ, ಮೊಲೆ ತೊಟ್ಟು ಸೀಳಿ ಹಾಲೂಡಿಸುವುದೇ ಹಿಂಸೆಯಾಗಿದ್ದರೆ ಮನಸ್ಸು ಇನ್ನಷ್ಟು ಬಳಲುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯೂ ಬಾಣಂತಿಯೇ ಎಂಬುದನ್ನು ಮನೆಯವರು ಮರೆತುಬಿಡುತ್ತಾರೆ. ಇವುಗಳಲ್ಲಿ ಒಂದೂ ಇಲ್ಲದ, ಎಲ್ಲ ಅನುಕೂಲವಿರುವ ಮನೆಯ ಹೆಣ್ಣಿಗೂ ಖಿನ್ನತೆ ಬರುತ್ತದೆ. ‘ನಿನಗೇನು ಕಡಿಮೆಯಾಗಿದೆ’ ಎಂಬ ಪ್ರಶ್ನೆಗೆ ಅವಳ ಬಳಿ ಉತ್ತರ ಇರುವುದಿಲ್ಲ, ಅದಕ್ಕೇ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಮೈಯಲ್ಲಿರುವ ಇನ್ನೆರಡು ಕಾರಣಗಳನ್ನು ರಕ್ತಪರೀಕ್ಷೆಯಲ್ಲೇ ಹಿಡಿಯಬಹುದು. ಒಂದು ರಕ್ತಹೀನತೆ. ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು ಎಂಬುದು ಸರ್ಕಾರದ ನಿಯಮ. ‘ಉಷ್ಣ’ ಎಂದೋ ಮಲಬದ್ಧತೆಯಾಗುತ್ತದೆಂದೋ ಬಾಣಂತನದಲ್ಲಿ ಅದನ್ನು ನಿಲ್ಲಿಸುವವರೇ ಹೆಚ್ಚು. ಇನ್ನೊಂದು ಥೈರಾಯ್ಡ್. ಹೆರಿಗೆಯಾದ ಕೆಲವು ತಿಂಗಳಿಗೆ ಅದು ಮೊದಲು ಏರಿ ಎದೆಬಡಿತ, ಚಡಪಡಿಕೆ ತರಬಹುದು, ಆಮೇಲೆ ಇಳಿದು ಸುಸ್ತು, ಮಂಕು, ಕೂದಲು ಉದುರುವಿಕೆ ತರಬಹುದು. ಮಂಕಾಗಿರುವ ಬಾಣಂತಿಗೆ ಹಿಮೋಗ್ಲೋಬಿನ್, ಥೈರಾಯ್ಡ್ ಹೇಗಿದೆಯೆಂದು ಹೇಳುವ ಟಿಎಸ್‌ಎಚ್, ಜೊತೆಗೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ನಮ್ಮ ಮನೆಗಳಲ್ಲಿ ಇದು ಕಾಣುವ ಬಗೆ

‘ನನಗೆ ಖಿನ್ನತೆ’ ಎಂದು ಯಾವ ಬಾಣಂತಿಯೂ ಹೇಳುವುದಿಲ್ಲ. ತಲೆಭಾರ, ಮೈಯೆಲ್ಲ ಉರಿ, ಸೊಂಟನೋವು, ಕೈಕಾಲಲ್ಲಿ ಶಕ್ತಿಯಿಲ್ಲ ಎನ್ನುತ್ತಾಳೆ. ಹಾಲು ಸಾಕಷ್ಟು ಬರುತ್ತಿದ್ದರೂ, ಮಗುವಿನ ತೂಕ ಏರುತ್ತಿದ್ದರೂ ‘ನನ್ನ ಹಾಲು ಸಾಲ್ತಿಲ್ಲ’ ಎಂಬ ಕೊರಗು ಬಿಡುವುದಿಲ್ಲ. ಅಳುವಿಗಿಂತ ಸಿಟ್ಟೇ ಮುಂದಾಗಿ ಕಾಣುವುದೂ ಉಂಟು, ಅದನ್ನು ಮನೆಯವರು ‘ಸೊಕ್ಕು’ ಎಂದುಕೊಳ್ಳುತ್ತಾರೆ. ಕೆಲವರು ಮಗುವನ್ನು ಎತ್ತಿಕೊಳ್ಳಲೇ ಹಿಂಜರಿಯುತ್ತಾರೆ. ಇನ್ನು ಕೆಲವರು ಒಂದು ಕ್ಷಣ ಯಾರ ಕೈಗೂ ಕೊಡದೆ, ಉಸಿರಾಡುತ್ತಿದೆಯೋ ಇಲ್ಲವೋ ಎಂದು ರಾತ್ರಿಯೆಲ್ಲ ಮೂಗಿನ ಬಳಿ ಕೈಯಿಟ್ಟು ನೋಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಸುಳಿವು ಕೊಡುವುದು ನಿದ್ದೆ. ಎಲ್ಲ ಬಾಣಂತಿಯರಿಗೂ ನಿದ್ದೆ ಕಡಿಮೆಯೇ. ಆದರೆ ಮಗು ಮಲಗಿದೆ, ನೋಡಿಕೊಳ್ಳಲು ಜನರಿದ್ದಾರೆ, ಕೋಣೆ ಕತ್ತಲಾಗಿದೆ, ಆಗಲೂ ಅವಳು ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದರೆ ಅದನ್ನು ಬಾಣಂತನದ ಆಯಾಸ ಎಂದು ತಳ್ಳಿಹಾಕಬೇಡಿ.

ತಾಯಂದಿರು ಯಾರ ಬಳಿಯೂ ಹೇಳದೆ ನರಳುವ ಒಂದು ಲಕ್ಷಣದ ಬಗ್ಗೆ ಇಲ್ಲಿ ಹೇಳಲೇಬೇಕು. ಮಗು ಕೈಜಾರಿ ಬಿದ್ದಂತೆ, ನನ್ನಿಂದಲೇ ಮಗುವಿಗೆ ಏನೋ ಆದಂತೆ ಚಿತ್ರಗಳು ತಾವಾಗಿ ತಲೆಯೊಳಗೆ ನುಗ್ಗುತ್ತವೆ. ಅವಳು ಬೆದರುತ್ತಾಳೆ, ನಾನು ಎಂಥ ತಾಯಿ ಎಂದು ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಹೀಗೆ ಬೆದರುವವರು, ಆ ಯೋಚನೆ ತಮಗೆ ಬೇಡವೆಂದು ಒದ್ದಾಡುವವರು ಅದರಂತೆ ನಡೆದುಕೊಳ್ಳುವುದು ತೀರಾ ವಿರಳ. ಇದು ಆತಂಕದ ಒಂದು ಬಗೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಸನ್ನಿಯಲ್ಲಿ ಹಾಗಲ್ಲ. ಅಲ್ಲಿ ಯೋಚನೆಯ ಬಗ್ಗೆ ಭಯವಿರುವುದಿಲ್ಲ, ಅದು ಸರಿಯೆಂಬ ನಂಬಿಕೆ ಇರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದು ವೈದ್ಯರ ಕೆಲಸ, ಹಾಗಾಗಿ ಅವರ ಮುಂದೆ ಮುಚ್ಚಿಡಬೇಡಿ.

ಕೇಳುವುದು ಹೇಗೆ?

ಆಸ್ಪತ್ರೆಗಳಲ್ಲಿ ಬಳಸುವ ಒಂದು ಪ್ರಶ್ನಾವಳಿಯ ಹೆಸರು ಎಡಿನ್‌ಬರೋ ಮಾಪಕ. 1987ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿದ್ದೆ ಎಂಬುದರ ಬಗ್ಗೆ ಹತ್ತು ಪ್ರಶ್ನೆ, ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 30. ಸಾಮಾನ್ಯವಾಗಿ 10 ದಾಟಿದರೆ ಗಮನವಿಡುತ್ತಾರೆ, 13 ಅಥವಾ ಹೆಚ್ಚಿದ್ದರೆ ವಿವರವಾಗಿ ಪರೀಕ್ಷಿಸುತ್ತಾರೆ. ಹತ್ತನೇ ಪ್ರಶ್ನೆ ತನ್ನನ್ನು ತಾನು ಘಾಸಿಗೊಳಿಸಿಕೊಳ್ಳುವ ಯೋಚನೆಯ ಕುರಿತದ್ದು. ಒಟ್ಟು ಅಂಕ ಎಷ್ಟೇ ಇರಲಿ, ಅದೊಂದಕ್ಕೆ ಸೊನ್ನೆಗಿಂತ ಹೆಚ್ಚು ಬಂದರೆ ಅಂದೇ ಮಾತಾಡಬೇಕು. ಜ್ವರ ನೋಡುವ ಥರ್ಮಾಮೀಟರ್ ಇದ್ದಂತೆ ಇದು. ಜ್ವರವಿದೆ ಎನ್ನುತ್ತದೆ, ಯಾವ ಜ್ವರ ಎಂದು ಹೇಳುವುದಿಲ್ಲ.

ಮನೆಯಲ್ಲಿ ಅಂಕ ಹಾಕಬೇಕಿಲ್ಲ. ಸುತ್ತ ಜನರಿಲ್ಲದಾಗ, ಅವಳ ಕೈಯಲ್ಲಿ ಮಗುವಿಲ್ಲದಾಗ ಪಕ್ಕದಲ್ಲಿ ಕೂತು ಕೇಳಿ. ‘ಚೆನ್ನಾಗಿದ್ದೀಯಲ್ಲ?’ ಎಂದರೆ ‘ಹ್ಞೂಂ’ ಎಂಬ ಉತ್ತರವೇ ಬರುತ್ತದೆ. ‘ರಾತ್ರಿ ಮಗು ಮಲಗಿದ ಮೇಲೆ ನಿನಗೆ ನಿದ್ದೆ ಹತ್ತುತ್ತದಾ?’, ‘ಈಚೆಗೆ ಯಾವುದಾದರೂ ಖುಷಿ ಅನಿಸಿತ್ತಾ?’, ‘ಒಬ್ಬಳೇ ಇದ್ದಾಗ ಏನು ಯೋಚನೆ ಬರುತ್ತೆ ಕಂದಾ?’ ಎಂದರೆ ಬಾಯಿ ಬಿಡುತ್ತಾಳೆ. ಅನುಮಾನವಿದ್ದರೆ ‘ಸಾಯಬೇಕು ಅನಿಸಿದೆಯಾ?’ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳುವಳಿಕೆ. ಕೇಳಿದ್ದರಿಂದ ಹೊರೆ ಹಗುರಾಯಿತು ಎನ್ನುವವರೇ ಹೆಚ್ಚು. ಅವಳು ಹೇಳುವಾಗ ‘ನಾವೆಲ್ಲ ನಾಲ್ಕು ಹೆತ್ತಿಲ್ವಾ?’ ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ.

ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದ್ದು, ಬಿಡಬೇಕಾದ್ದು

ನಮ್ಮ ಬಾಣಂತನದ ಅಡಿಪಾಯ ಒಳ್ಳೆಯದು. ಹೆತ್ತವಳಿಗೆ ಕೆಲಸ ಹೇಳುವುದಿಲ್ಲ, ಬಿಸಿ ಊಟ ಕೈಗೆ ಬರುತ್ತದೆ, ಎಣ್ಣೆ ನೀರು ಹಾಕುವ, ಮಗುವನ್ನು ಎರೆಯುವ ಅನುಭವಿ ಕೈಗಳಿರುತ್ತವೆ. ಇಷ್ಟು ನೆರವು ಸಿಗದ ದೇಶಗಳ ತಾಯಂದಿರು ಇದನ್ನು ಕಂಡು ಆಸೆಪಡುತ್ತಾರೆ.

ತೊಡಕಾಗುವುದು ಕೆಲವು ಕಟ್ಟುಗಳಿಂದ. ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆಂದು ಲೋಟದ ಲೆಕ್ಕದಲ್ಲಿ ನೀರು ಕೊಡುವುದು ಅದರಲ್ಲಿ ಮೊದಲನೆಯದು. ಹಾಲೂಡಿಸುವವಳಿಗೆ ದಿನಕ್ಕೆ ಎರಡೂವರೆ ಮೂರು ಲೀಟರ್ ಬೇಕು. ಕಡಿಮೆಯಾದರೆ ಸುಸ್ತು, ತಲೆನೋವು, ಮಲಬದ್ಧತೆ ಬರುತ್ತವೆ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಹೇಗೂ ಹೆಚ್ಚಿರುವುದರಿಂದ ಮೆದುಳಿನ ನಾಳದಲ್ಲಿ ಹೆಪ್ಪಾಗುವ ಅಪಾಯವೂ ಇದೆ. ಬಿಸಿನೀರೇ ಕೊಡಿ, ಜೀರಿಗೆ ಕುದಿಸಿದ ನೀರು ಕೊಡಿ, ಆದರೆ ಧಾರಾಳವಾಗಿ ಕೊಡಿ. ಬರೀ ಮೆಣಸಿನ ಸಾರು, ಅನ್ನ, ಬೆಳ್ಳುಳ್ಳಿ ಸಾಲದು. ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ ಬೇಕು. ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ಕೆಂಡವಿಟ್ಟು ಹೊಗೆ ಹಾಕುವುದು ತಾಯಿ ಮಗು ಇಬ್ಬರ ಉಸಿರಿಗೂ ಕೆಟ್ಟದ್ದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಇರಲಿ, ಅದರಿಂದ ತೊಂದರೆಯಿಲ್ಲ. ಬೆಳಗಿನ ಬಿಸಿಲಲ್ಲಿ ಅಂಗಳದಲ್ಲೋ ಬಾಲ್ಕನಿಯಲ್ಲೋ ಇಪ್ಪತ್ತು ನಿಮಿಷ ಕೂರಿಸಿದರೆ ಹಗಲು ರಾತ್ರಿಯ ಲೆಕ್ಕ ತಪ್ಪಿದ ಮೈಗೆ ಸಮಯ ಮತ್ತೆ ಗೊತ್ತಾಗುತ್ತದೆ.

ಮಗು ನೋಡಲು ಬರುವವರಿಗೂ ಒಂದು ಮಿತಿ ಬೇಕು. ಬಂದವರು ಅರ್ಧ ಗಂಟೆಯಲ್ಲಿ ಎದ್ದು ಹೋಗುವಂತೆ ನೋಡಿಕೊಳ್ಳುವ ಕೆಲಸ ಬಾಣಂತಿಯದಲ್ಲ, ಮನೆಯ ಗಂಡಸರದ್ದು.

ಐದು ಗಂಟೆಯ ನಿದ್ದೆಯನ್ನು ಕಟ್ಟಿಕೊಡುವುದು

ಎಳೆಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಂದರೆ ತಾಯಿಯ ನಿದ್ದೆ ಎರಡು ಮೂರು ಗಂಟೆಗೊಮ್ಮೆ ಮುರಿಯುತ್ತದೆ. ಖಿನ್ನತೆ ಇರುವವಳಿಗೆ ತುಂಡು ತುಂಡಾದ ಎಂಟು ಗಂಟೆಗಿಂತ ಒಂದೇ ಸಮನೆಯ ನಾಲ್ಕೈದು ಗಂಟೆ ಹೆಚ್ಚು ಉಪಕಾರಿ. ಮನೆಯವರು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ರಾತ್ರಿ ಒಂಬತ್ತಕ್ಕೆ ಹಾಲೂಡಿಸಿ ತಾಯಿ ಬೇರೆ ಕೋಣೆಯಲ್ಲಿ ಮಲಗಲಿ. ಎರಡು ಗಂಟೆಯವರೆಗೆ ಮಗು ಗಂಡನದೋ ಅಜ್ಜಿಯದೋ ಪಾಲು. ಹಗಲಲ್ಲಿ ಹಿಂಡಿಟ್ಟ ಎದೆಹಾಲನ್ನು ಆ ನಡುವೆ ಕುದಿಸಿ ತೊಳೆದ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬಹುದು. ಹಿಂಡಿದ ಹಾಲು ಕೋಣೆಯ ತಣ್ಣನೆ ಜಾಗದಲ್ಲಿ 4 ಗಂಟೆ ಕೆಡುವುದಿಲ್ಲ, ಫ್ರಿಜ್‌ನ ಒಳಭಾಗದಲ್ಲಿ 24 ಗಂಟೆ ಇಡಬಹುದು. ಬಿಸಿ ಮಾಡಲು ಒಲೆಯ ಮೇಲಿಡದೆ ಪಾತ್ರೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ. ಹಿಂಡುವುದು ಆಗದಿದ್ದರೆ ಮಗುವನ್ನು ಅವಳ ಬಳಿ ತಂದು, ಕುಡಿದ ಕೂಡಲೇ ಒಯ್ದು, ತೇಗಿಸಿ, ಬಟ್ಟೆ ಬದಲಾಯಿಸಿ ಮಲಗಿಸುವುದನ್ನು ಬೇರೆಯವರು ಮಾಡಲಿ.

ಈ ಏರ್ಪಾಡು ಎಡವುವುದು ಎರಡು ಕಡೆ. ಮಗು ಅತ್ತ ಕೂಡಲೇ ‘ಹಸಿವಾಗಿದೆ, ಅಮ್ಮನನ್ನ ಎಬ್ಬಿಸಿ’ ಎನ್ನುವುದು ಒಂದು. ಇನ್ನೊಂದು, ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವುದು, ಸದ್ದಾದರೆ ಅವಳೇ ಏಳುತ್ತಾಳೆ. ಹೊಸ ಅಪ್ಪಂದಿರಲ್ಲೂ ಹತ್ತರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಹಾಗಾಗಿ ರಾತ್ರಿಪಾಳಿಯನ್ನು ಒಬ್ಬರ ಮೇಲೇ ಹೊರಿಸದೆ ಹಂಚಿಕೊಳ್ಳಿ.

ಚಿಕಿತ್ಸೆ ಮತ್ತು ಎದೆಹಾಲಿನ ಪ್ರಶ್ನೆ

ಸೌಮ್ಯ ಖಿನ್ನತೆಗೆ ಆಪ್ತಸಲಹೆಯೇ ಸಾಕಾಗಬಹುದು. ಸುಮ್ಮನೆ ಸಮಾಧಾನ ಹೇಳುವುದಕ್ಕಿಂತ ಇದು ಬೇರೆ. ‘ನಾನು ಕೆಟ್ಟ ತಾಯಿ’ ಎಂಬ ಯೋಚನೆಯನ್ನು ಬಿಡಿಸಿ ನೋಡಿಸುತ್ತಾರೆ. ದಿನಕ್ಕೊಂದು ಚಿಕ್ಕ ಕೆಲಸ, ಹದಿನೈದು ನಿಮಿಷದ ನಡಿಗೆಯೋ ಒಬ್ಬ ಗೆಳತಿಗೆ ಫೋನೋ, ಗೊತ್ತುಮಾಡಿ ಅದನ್ನು ಮಾಡಿಸುತ್ತಾರೆ. ಇದಕ್ಕೆ ದೊಡ್ಡ ಪದವಿಯವರೇ ಬೇಕೆಂದಿಲ್ಲ. ನೆರೆಯ ಗೋವಾದಲ್ಲಿ ತರಬೇತಿ ಪಡೆದ ಸ್ಥಳೀಯ ಹೆಂಗಸರೇ ಮನೆಗೆ ಹೋಗಿ ಇಂಥ ನೆರವು ಕೊಟ್ಟಾಗ ಚೇತರಿಸಿಕೊಂಡವರ ಸಂಖ್ಯೆ ಹೆಚ್ಚಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಖಿನ್ನತೆ ಗಟ್ಟಿಯಾಗಿದ್ದರೆ ಮಾತ್ರೆ ಬೇಕು. ಎದೆಹಾಲು ಕೆಡುತ್ತದೆಂದು ಹೆಚ್ಚಿನ ಮನೆಗಳಲ್ಲಿ ಇಲ್ಲೇ ಚಿಕಿತ್ಸೆ ನಿಲ್ಲುತ್ತದೆ. ಹಾಲೂಡಿಸುವವರಿಗೆ ಹೆಚ್ಚಾಗಿ ಬರೆಯುವ ಸರ್ಟ್ರಲೀನ್ ಹಾಲಿಗೆ ಸೇರುವುದು ಅತ್ಯಲ್ಪ. ತಾಯಿಯ ಪ್ರಮಾಣದ ಶೇ 10ಕ್ಕಿಂತ ಕಡಿಮೆ ಮಗುವಿಗೆ ತಲುಪಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ ಎನ್ನುತ್ತಾರೆ, ಇದು ಅದಕ್ಕಿಂತ ಎಷ್ಟೋ ಕಡಿಮೆ. ಹಾಲು ಬಿಡಿಸಬೇಕಿಲ್ಲ. ಹಾಗೆಂದು ಎಲ್ಲ ಮನೋರೋಗದ ಔಷಧಗಳೂ ಒಂದೇ ಅಲ್ಲ, ಅಂಗಡಿಯಲ್ಲಿ ಕೇಳಿ ತರುವಂಥದ್ದೂ ಅಲ್ಲ. ಮಗು ತಿಂಗಳು ತುಂಬದೆ ಹುಟ್ಟಿದ್ದರೆ, ಹಿಂದೆಂದಾದರೂ ಅತಿಯಾದ ಉತ್ಸಾಹ, ನಿದ್ದೆಯಿಲ್ಲದ ಓಡಾಟದ ದಿನಗಳು ಬಂದಿದ್ದರೆ ವೈದ್ಯರಿಗೆ ಹೇಳಲೇಬೇಕು. ಹಾಗೆ ಉತ್ಸಾಹ ಏರಿದ್ದವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕಾಯಿಲೆ ಮತ್ತೆ ಆ ಅತಿ ಉತ್ಸಾಹದ ಕಡೆಗೆ ತಿರುಗಬಹುದು.

ಮಾತ್ರೆ ಶುರುವಾದ ಮೊದಲ ವಾರ ಹೊಟ್ಟೆ ತೊಳೆಸುವುದು, ತಲೆನೋವು ಇರಬಹುದು. ಗುಣ ಕಾಣುವುದು ಎರಡರಿಂದ ನಾಲ್ಕು ವಾರಕ್ಕೆ. ಮೊದಲು ತೊಂದರೆ, ಆಮೇಲೆ ಗುಣ ಎಂಬ ಈ ಅಂತರದಲ್ಲೇ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನ ಇಳಿಸಬೇಕು. ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರುತ್ತದೆ, ಕಾಯಿಲೆ ಮರಳುವುದೂ ಉಂಟು.

ತಡಮಾಡಬಾರದ ಹೊತ್ತು, ಹೋಗಬೇಕಾದ ಜಾಗ

ಸಾಯುವ ಮಾತು, ಮಗುವಿಗೆ ಹಾನಿ ಮಾಡುವ ಮಾತು, ಎರಡು ರಾತ್ರಿ ಪೂರ್ತಿ ನಿದ್ದೆಯಿಲ್ಲದಿರುವುದು, ಅಸಂಬದ್ಧ ಮಾತು ಇವುಗಳಲ್ಲಿ ಒಂದಿದ್ದರೂ ತಾಯಿಯನ್ನು ಒಂಟಿಯಾಗಿ ಬಿಡಬೇಡಿ. ಮಗುವಿನೊಂದಿಗೂ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಔಷಧ, ಕೀಟನಾಶಕಗಳನ್ನು ಬೀಗದೊಳಗಿಡಿ. 108ಕ್ಕೆ ಕರೆಮಾಡಿ ಜಿಲ್ಲಾಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕರೆದೊಯ್ಯಿರಿ.

ಅಷ್ಟು ತುರ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಅವರು ಹೇಗೂ ಬರಬೇಕು. ಆಗ ಮಗುವಿನ ಜೊತೆ ತಾಯಿಯ ವಿಷಯವನ್ನೂ ಎತ್ತಿ.

ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೆ ಕಾನೂನೇ ಉತ್ತರ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯವಿದೆಯೆಂದು ಬೇರೆ ಇರಿಸಿದರೂ 15 ದಿನಕ್ಕೊಮ್ಮೆ ಆ ನಿರ್ಧಾರವನ್ನು ಮರುಪರಿಶೀಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಘಟಕವಿದೆ, ದೇಶದಲ್ಲೇ ಮೊದಲನೆಯದು. ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು, ಮಗುವನ್ನು ಎತ್ತಿ ಆಡಿಸುವುದನ್ನೂ ಚಿಕಿತ್ಸೆಯ ಭಾಗವಾಗಿ ನೋಡುತ್ತಾರೆ.

ತವರಿನಿಂದ ಮರಳಿದ ಮೇಲೆ

ಚೊಚ್ಚಲ ಹೆರಿಗೆಯವರು ಮೂರಕ್ಕೋ ಐದಕ್ಕೋ ತೊಟ್ಟಿಲು ಹೊತ್ತು ಗಂಡನ ಮನೆಗೆ ಮರಳುತ್ತಾರೆ. ಅಂದಿಗೆ ಬಾಣಂತನ ಮುಗಿಯಿತು ಎಂಬುದು ಎಲ್ಲರ ಲೆಕ್ಕ. ಅಮ್ಮನ ಕೈ ಇಲ್ಲ, ಅಡುಗೆ ತನ್ನದೇ, ಗಂಡ ಬೆಳಿಗ್ಗೆ ಹೋದರೆ ರಾತ್ರಿಗೆ ಬರುವುದು. ಕೆಲಸದಲ್ಲಿರುವವರಿಗೆ 26 ವಾರದ ರಜೆ ಮುಗಿಯುವ ಗಾಬರಿಯೂ ಇದೇ ಹೊತ್ತಿಗೆ. ವಿದೇಶದಲ್ಲಿರುವ ಕನ್ನಡಿಗರ ಮನೆಯಲ್ಲಿ ಬಾಣಂತನಕ್ಕೆ ಬಂದ ಅಮ್ಮನ ವೀಸಾ ಅವಧಿ ತೀರುವ ದಿನ ಇದೇ ಚಿತ್ರ. ಅಮೆರಿಕದಲ್ಲಿರುವವರಿಗೆ ತಾಯಂದಿರಿಗಾಗಿಯೇ ಇರುವ 1-833-852-6262 ಸಹಾಯವಾಣಿ ಇದೆ.

ಹೊರಡುವ ಮುನ್ನವೇ ಕೆಲವನ್ನು ಗೊತ್ತುಮಾಡಿಕೊಳ್ಳಿ. ಮೊದಲ ತಿಂಗಳು ಅಡುಗೆಗೋ ಮನೆಗೆಲಸಕ್ಕೋ ಯಾರಾದರೂ ಬರಲಿ. ಗಂಡ ವಾರಕ್ಕೆ ಎಷ್ಟು ರಾತ್ರಿ ಮಗುವನ್ನು ನೋಡಿಕೊಳ್ಳುತ್ತಾನೆ ಎಂಬುದು ಮಾತಿನಲ್ಲೇ ಗಟ್ಟಿಯಾಗಲಿ. ಮಾತ್ರೆ ನಡೆಯುತ್ತಿದ್ದರೆ ಚೀಟಿ ಜೊತೆಗಿರಲಿ, ಹೊಸ ಊರಿನಲ್ಲಿ ತೋರಿಸುವ ಆಸ್ಪತ್ರೆ ಮೊದಲೇ ಗೊತ್ತಿರಲಿ. ತವರಿನಿಂದ ಫೋನ್ ಮಾಡುವವರು ಮಗುವನ್ನು ವಿಡಿಯೋದಲ್ಲಿ ನೋಡಿ ಇಡುವ ಮೊದಲು ಐದು ನಿಮಿಷ ಮಗಳ ಜೊತೆ ಮಾತ್ರ ಮಾತಾಡಲಿ.

ಇನ್ನೊಂದು ಮಗು ಬೇಕೆಂದಾಗ, ಹಿಂದೆ ಹೀಗಾಗಿತ್ತು ಎಂಬುದನ್ನು ತಾಯಿ ಕಾರ್ಡ್ ಮಾಡಿಸುವ ಮೊದಲ ಭೇಟಿಯಲ್ಲೇ ಹೇಳಿ. ಸನ್ನಿ ಆಗಿದ್ದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮುಂದಿನ ಹೆರಿಗೆಯಲ್ಲೂ ಮರುಕಳಿಸುತ್ತದೆ. ಮೊದಲೇ ತಿಳಿದಿದ್ದರೆ ಬಸುರಿನಲ್ಲಿ ಯಾವ ಔಷಧ, ಹೆರಿಗೆಯಾದ ದಿನದಿಂದ ಯಾವುದು, ಆ ಎರಡು ವಾರ ರಾತ್ರಿ ಪಕ್ಕದಲ್ಲಿ ಯಾರು ಎಂಬುದನ್ನು ವೈದ್ಯರು ಮನೆಯವರ ಜೊತೆ ಕೂತು ಬರೆದಿಡುತ್ತಾರೆ.